ಮಗು ನಂಬಿ ಹೇಳಿಕೊಂಡಾಗ: ಹೈಸ್ಕೂಲ್ ಶಿಕ್ಷಕರಿಗೆ

ಎಂಟನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನೊಳಗೆ ಎಷ್ಟೋ ಮಕ್ಕಳಿಗೆ ತಾವು ಗೇ, ಲೆಸ್ಬಿಯನ್ ಅಥವಾ ಟ್ರಾನ್ಸ್‌ಜೆಂಡರ್ ಅನ್ನುವುದು ಒಳಗೊಳಗೇ ಗೊತ್ತಾಗಿರುತ್ತದೆ. ಮನೆಯಲ್ಲಿ ಬಾಯಿಬಿಡುವ ಧೈರ್ಯ ಇರುವುದಿಲ್ಲ. ಒಂದು ದಿನ ಲಾಂಗ್ ಬೆಲ್ ಆದ ಮೇಲೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಮಿಸ್, ಒಂದ್ ವಿಷ್ಯ ಹೇಳ್ಬೇಕಿತ್ತು’ ಅನ್ನುತ್ತಾರೆ.

ಇಲ್ಲಿ ಶಾಲೆಗಳು ಮಾಡುವ ಅತಿ ದೊಡ್ಡ ತಪ್ಪು, ಅದೇ ಸಂಜೆ ಮನೆಗೆ ಫೋನ್ ಮಾಡುವುದು. ಉದ್ದೇಶ ಒಳ್ಳೆಯದೇ ಇರುತ್ತದೆ. ಆದರೆ ಆ ಫೋನ್ ಆದ ಮೇಲೆ ಮಗುವಿನ ಮೊಬೈಲ್ ಕಿತ್ತುಕೊಳ್ಳುತ್ತಾರೆ, ಹೊಡೆಯುತ್ತಾರೆ, ಮಂತ್ರವಾದಿಯ ಹತ್ತಿರ ಕರೆದೊಯ್ಯುತ್ತಾರೆ, ಹುಡುಗಿಯಾದರೆ ಓದು ಬಿಡಿಸಿ ಮದುವೆಯ ಮಾತೆತ್ತುತ್ತಾರೆ. ಮಗು ನಂಬಿದ್ದ ಒಬ್ಬೇ ಒಬ್ಬ ದೊಡ್ಡವರೂ ಕೈತಪ್ಪುತ್ತಾರೆ. ಹೆತ್ತವರಿಗೆ ಹೇಳಬೇಕೋ ಬೇಡವೋ, ಯಾವಾಗ, ಹೇಗೆ ಅನ್ನುವುದು ಮಗುವಿಗೆ ಬಿಟ್ಟದ್ದು.

ಮೊದಲು ಜಾಗ ನೋಡಿಕೊಳ್ಳಿ. ಬಾಗಿಲು ತೆರೆದಿರುವ, ಆದರೆ ಮಾತು ಹೊರಗೆ ಕೇಳದ ಜಾಗ. ಲೈಬ್ರರಿಯ ಮೂಲೆ ಆದೀತು. ಹೆಡ್‌ಮಾಸ್ಟರ್ ಚೇಂಬರ್ ಬೇಡ, ಅಲ್ಲಿಗೆ ಹೋದ ಮಗುವಿನ ಬಗ್ಗೆ ಮಧ್ಯಾಹ್ನದೊಳಗೆ ಇಡೀ ಶಾಲೆ ಮಾತಾಡುತ್ತದೆ. ಮಗು ಮಾತು ಶುರು ಮಾಡುವ ಮೊದಲೇ ಇಷ್ಟು ಹೇಳಿ: ‘ನೀನು ಹೇಳೋದು ನನ್ನ ಹತ್ರಾನೇ ಇರುತ್ತೆ. ನಿನ್ನ ಜೀವಕ್ಕೆ ಅಪಾಯ ಇದ್ರೆ, ಇಲ್ಲಾ ಯಾರಾದ್ರೂ ನಿನ್ನ ಮೈ ಮೇಲೆ ಕೈ ಮಾಡಿದ್ರೆ ಮಾತ್ರ ಬೇರೆಯವರ ಸಹಾಯ ತಗೋತೀನಿ, ಅದನ್ನೂ ನಿನಗೆ ಹೇಳೇ ತಗೋತೀನಿ.’ ‘ಯಾರಿಗೂ ಹೇಳಲ್ಲ, ಆಣೆ’ ಎಂದುಬಿಟ್ಟರೆ ಮುಂದೆ ಕಷ್ಟ. ಲೈಂಗಿಕ ದೌರ್ಜನ್ಯ ಗೊತ್ತಾದಾಗ ಪೊಲೀಸರಿಗೆ ತಿಳಿಸುವುದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯ ಮಾಡಿದೆ. ತಾನು ಗೇ ಅಥವಾ ಟ್ರಾನ್ಸ್ ಎಂದು ಮಗು ಹೇಳಿಕೊಳ್ಳುವುದು ಅಪರಾಧವೂ ಅಲ್ಲ, ವರದಿ ಮಾಡುವ ಸಂಗತಿಯೂ ಅಲ್ಲ. ಇವೆರಡನ್ನೂ ಬೆರೆಸಬೇಡಿ.

ಮಗು ಹೇಳಿ ಮುಗಿಸಿದ ಮೇಲೆ ‘ಹೇಳಿದ್ದು ಒಳ್ಳೇದಾಯ್ತು’ ಅನ್ನಿ. ‘ವಯಸ್ಸಿಗೆ ಹೀಗೆಲ್ಲ ಅನ್ಸುತ್ತೆ, ಸರಿಹೋಗುತ್ತೆ’ ಅನ್ನಬೇಡಿ. ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡು ಬಂದ ಮಗುವಿಗೆ ಅದು ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಆಮೇಲೆ ಮೂರು ಪ್ರಶ್ನೆ ಸಾಕು: ಇನ್ನು ಯಾರಿಗೆ ಗೊತ್ತು? ಶಾಲೆಯಲ್ಲಿ ಯಾರಾದರೂ ಕಾಡುತ್ತಿದ್ದಾರಾ? ನಿದ್ದೆ, ಊಟ ಹೇಗಿದೆ?

ಮಗು ತೀರಾ ಕುಗ್ಗಿದೆ ಅನ್ನಿಸಿದರೆ ನಾಲ್ಕನೆಯದನ್ನು ನೇರವಾಗಿ ಕೇಳಲೇಬೇಕು: ‘ಸಾಯ್ಬೇಕು ಅಂತ ಯಾವತ್ತಾದ್ರೂ ಅನ್ಸಿದ್ಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಭಯ ಅನೇಕರಿಗಿದೆ. ಹಾಗಾಗುವುದಿಲ್ಲ, ಕೇಳಿದ್ದಕ್ಕೆ ಮಗುವಿನ ಎದೆ ಹಗುರಾಗುವುದೇ ಹೆಚ್ಚು. ‘ಹೌದು’ ಎಂದರೆ, ಹೇಗೆ, ಯಾವಾಗ ಎಂದು ಯೋಚಿಸಿದೆಯಾ ಕೇಳಿ. ಯೋಚನೆ ಅಷ್ಟು ಮುಂದೆ ಹೋಗಿದ್ದರೆ ಆ ಮಗುವನ್ನು ಒಂಟಿಯಾಗಿ ಬಿಡಬೇಡಿ. ಅಲ್ಲೇ ಕೂತು 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಮನೆಯಲ್ಲಿ ಹಿಂಸೆಯೂ ಇದ್ದರೆ ಮಕ್ಕಳ ಸಹಾಯವಾಣಿ 1098.

ಮಗುವಿಗೆ ಸಾಯುವ ಯೋಚನೆ ಇರುವ ಹೊತ್ತಲ್ಲಿ ಮನೆಯವರನ್ನು ಕರೆಸಲೇಬೇಕು. ಆದರೆ ಅಪಾಯವನ್ನು ಹೇಳಿ, ಗುಟ್ಟನ್ನು ಹೇಳಬೇಡಿ. ‘ಅಮ್ಮಾ, ಮಗು ತುಂಬಾ ನೊಂದಿದೆ, ಪ್ರಾಣದ ಬಗ್ಗೆ ಮಾತಾಡ್ತಿದೆ. ಕೆಲವು ದಿನ ಒಂಟಿಯಾಗಿ ಬಿಡ್ಬೇಡಿ. ಮನೇಲಿರೋ ಕೀಟನಾಶಕ, ಮಾತ್ರೆ ಎಲ್ಲಾ ಬೀಗ ಹಾಕಿಡಿ. ನಾಳೆ ಡಾಕ್ಟರ ಹತ್ರ ಹೋಗೋಣ.’ ಇಷ್ಟು ಸಾಕು. ಕಾರಣ ಕೇಳಿದರೆ, ‘ಅದನ್ನ ಮಗುವೇ ಹೇಳ್ಲಿ, ಈಗ ಬಲವಂತ ಬೇಡ.’ ಈ ಮಾತುಗಳನ್ನು ಮಗುವಿನ ಮುಂದೆ ಮೊದಲೇ ಒಮ್ಮೆ ಆಡಿ ತೋರಿಸಿ, ಅದಕ್ಕೆ ಒಪ್ಪಿಗೆಯಾಗದ ಪದ ಇದ್ದರೆ ತೆಗೆಯಿರಿ.

ಡಾಕ್ಟರ ಆಯ್ಕೆಯಲ್ಲೂ ಎಡವುವುದುಂಟು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ತಾಲ್ಲೂಕು ಆಸ್ಪತ್ರೆಗೆ ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಅವರು ಮಂಗಳವಾರ ಬರುವ ಏರ್ಪಾಡಿದೆ, ಹೋಗುವ ಮೊದಲು ವಿಚಾರಿಸಿ. ಮಗುವನ್ನು ಕಳಿಸುವ ಮುನ್ನ, ಹೆಸರು ಹೇಳದೆ, ವೈದ್ಯರನ್ನು ಒಂದು ಮಾತು ಕೇಳಿ: ‘ಗೇ ಆಗಿರೋದನ್ನ ಬದಲಾಯಿಸಬಹುದಾ ಡಾಕ್ಟ್ರೇ?’ ‘ಬದಲಾಯಿಸ್ತೀನಿ’ ಎಂದರೆ ಅಲ್ಲಿಗೆ ಕಳಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗಾಸಕ್ತಿಯನ್ನು ರೋಗಗಳ ಪಟ್ಟಿಯಿಂದ ತೆಗೆದದ್ದು 1990ರಲ್ಲಿ. ‘ಬದಲಾಯಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಚಿಕಿತ್ಸೆ ಬೇಕಿರುವುದು ನಿದ್ದೆಗೆಟ್ಟದ್ದಕ್ಕೆ, ಭಯಕ್ಕೆ, ಖಿನ್ನತೆಗೆ.

ಹೇಳಿಕೊಳ್ಳದ ಮಕ್ಕಳೇ ಹೆಚ್ಚು. ಅವರಿಗಾಗಿ ಕ್ಲಾಸನ್ನೇ ಸರಿಮಾಡಬೇಕು. ‘ಒಂಬತ್ತು’ ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. ಹಾಜರಿ ಕರೆಯುವಾಗ ರೋಲ್ ನಂಬರ್ 9 ಬಂತು, ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಲೆಕ್ಕದ ಉತ್ತರ 9 ಬಂದರೂ ಅದೇ. ‘ಚಕ್ಕ’, ‘ಗಂಡುಬೀರಿ’ ಕೂಡ ಹೀಗೇ ತೇಲಿಬರುತ್ತವೆ. ಶಿಕ್ಷಕರು ಕೇಳಿಸದಂತೆ ಇದ್ದರೆ, ಟೀಚರೂ ಅವರ ಕಡೆಯೇ ಎಂದು ಆ ಮಗು ತಿಳಿಯುತ್ತದೆ. ಹತ್ತು ಸೆಕೆಂಡಿನ ಕೆಲಸ ಇದು: ಬರೆಯುವುದು ನಿಲ್ಲಿಸಿ, ನಕ್ಕವರ ಕಡೆ ತಿರುಗಿ, ‘ಆ ಮಾತು ಈ ಕ್ಲಾಸಲ್ಲಿ ಬೇಡ, ಅದು ಇನ್ನೊಬ್ಬರನ್ನ ಚುಚ್ಚೋ ಮಾತು’ ಎಂದು ಪಾಠ ಮುಂದುವರಿಸಿ. ಆ ಕ್ಷಣ ಯಾರ ಮೇಲೆ ನಗು ಬಿತ್ತೋ ಆ ಮಗುವಿನ ಮುಖ ನೋಡಬೇಡಿ, ನೋಡಿದರೆ ನಲವತ್ತು ಜನರೂ ತಿರುಗುತ್ತಾರೆ. ನಕ್ಕವನನ್ನು ಆಮೇಲೆ ಒಬ್ಬನನ್ನೇ ಕರೆದು ಮಾತಾಡಿ. ಇಬ್ಬರನ್ನೂ ನಿಲ್ಲಿಸಿ ಕೈಕುಲುಕಿಸುವ ರಾಜಿ ಬೇಡವೇ ಬೇಡ, ಗೇಟಿನ ಹೊರಗೆ ಕಾಟ ದುಪ್ಪಟ್ಟಾಗುತ್ತದೆ.

ಟಾಯ್ಲೆಟ್ಟಿನ ವಿಷಯ ಸಣ್ಣದೆನ್ನಿಸಬಹುದು. ಆದರೆ ಹುಡುಗರ ಟಾಯ್ಲೆಟ್ಟಿನಲ್ಲಿ ಪೀಡನೆಗೆ ಸಿಕ್ಕ ಮಗು ಬೆಳಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಬಾಟಲಿ ತುಂಬಿದ್ದು ತುಂಬಿದಂತೆ ಮನೆಗೆ ಹೋಗುತ್ತದೆ. ತಲೆನೋವು, ಉರಿಮೂತ್ರ, ಕೊನೆಗೆ ರಜೆ. ಪಿಟಿ ಇರುವ ದಿನವೇ ಗೈರಾಗುವುದನ್ನೂ ಗಮನಿಸಿ. ಒಳಗಿನಿಂದ ಚಿಲಕ ಬೀಳುವ ಒಂದು ಟಾಯ್ಲೆಟ್ಟನ್ನು ಯಾವ ಮಗು ಬೇಕಾದರೂ ಬಳಸಬಹುದು ಎಂದು ಎಲ್ಲರಿಗೂ ತೆರೆದಿಡಿ. ಬೀಗ ಹಾಕಿ ಕೀ ಸ್ಟಾಫ್ ರೂಮಿನಲ್ಲಿಟ್ಟರೆ ಪ್ರಯೋಜನವಿಲ್ಲ, ಕೀ ಕೇಳುವುದೇ ಎಲ್ಲರೆದುರು ಹೇಳಿಕೊಂಡಂತೆ. ಸಾಲು ನಿಲ್ಲಿಸುವಾಗ ಹುಡುಗ ಹುಡುಗಿ ಎನ್ನುವ ಬದಲು ರೋಲ್ ನಂಬರ್ ಪ್ರಕಾರ ನಿಲ್ಲಿಸಿ. ಪಿಟಿ ಮೇಷ್ಟ್ರು ಆಕ್ಷೇಪಿಸಿದರೆ, ಟ್ರಾನ್ಸ್‌ಜೆಂಡರ್ ಮಕ್ಕಳಿಗೆ ಓದಿನ ಜೊತೆ ಆಟದಲ್ಲೂ ತಾರತಮ್ಯವಿಲ್ಲದ ಅವಕಾಶ ಕೊಡಬೇಕೆಂದು 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಕಾಯ್ದೆಯಲ್ಲೇ ಇದೆ, ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಅದು ಅನ್ವಯ ಎಂದು ತೋರಿಸಿ.

ದಾಖಲೆ ಬರೆಯುವಾಗ ಕೈ ಬಿಗಿಹಿಡಿಯಿರಿ. ಆಪ್ತಸಲಹೆಯ ರಿಜಿಸ್ಟರ್ ಯಾರ ಕೈಗಾದರೂ ಸಿಗುತ್ತದೆ. ‘ಸಹಪಾಠಿಗಳಿಂದ ಕಿರುಕುಳ, ನಿದ್ದೆ ಇಲ್ಲ, ಮುಂದಿನ ಭೇಟಿ ಗುರುವಾರ’ ಎಂದಷ್ಟೇ ಬರೆಯಿರಿ. ಗುರುತಿನ ಪದ ಬೇಡ. ವಾರಕ್ಕೊಮ್ಮೆ ಹದಿನೈದು ನಿಮಿಷ ಮಾತಾಡಿ, ಎಲ್ಲವೂ ಸರಿಯಿದೆ ಅನ್ನಿಸಿದ ವಾರವೂ ತಪ್ಪಿಸಬೇಡಿ. ದಸರಾ ಮತ್ತು ಬೇಸಿಗೆ ರಜೆಯ ಮುಂಚೆ, ರಜೆಯಲ್ಲಿ ಬೇಜಾರಾದರೆ ಯಾರಿಗೆ ಫೋನ್ ಮಾಡುತ್ತೀಯ ಎಂದು ಕೇಳಿ ಇಬ್ಬರ ಹೆಸರು ಅದರ ಬಾಯಿಂದಲೇ ಹೇಳಿಸಿ. ಎಸ್‌ಎಸ್‌ಎಲ್‌ಸಿ ಮುಗಿಸಿ ಟಿಸಿ ಒಯ್ಯುವ ದಿನ, ಪಿಯು ಕಾಲೇಜಿನವರಿಗೆ ನೀವಾಗಿ ಏನನ್ನೂ ತಿಳಿಸಬೇಡಿ. 14416 ಮತ್ತು ನಿಮ್ಮ ನಂಬರನ್ನು ಚೀಟಿಯಲ್ಲಿ ಬರೆದು ಮಗುವಿನ ಕೈಗೆ ಕೊಡಿ.