ಸಿಂಕೊ ಡೆ ಮಾಯೊಗೆ ಮನೇಲೇ ಮಾಡೋ ಡ್ರಿಂಕ್ಸ್: ಟೆಕೀಲಾ ಕೊನೇಲಿ ಹಾಕಿ

ಸಿಂಕೊ ಡೆ ಮಾಯೊ ಅಂದ್ರೆ ಸ್ಪ್ಯಾನಿಶಲ್ಲಿ ಮೇ 5, ಮೆಕ್ಸಿಕೋ ಕಡೆಯ ಹಬ್ಬ. ಅವತ್ತು ನಮ್ಮನೇಲಿ ಸೇರೋರಲ್ಲಿ ಅರ್ಧ ಜನ ಕುಡಿಯೋರು, ಅರ್ಧ ಜನ ಮುಟ್ಟದೋರು. ಇಲ್ಲಿ ಅಮೆರಿಕಾದ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಕನ್ನಡದೋರ ಪಾರ್ಟಿ ಅಂದ್ರೆ ಹಿಂಗೇನೇ, ಊರಿಂದ ಬಂದಿರೋ ಅತ್ತೆ-ಮಾವ ಇರ್ತಾರೆ, ಬಸುರಿ ಇರ್ತಾಳೆ, ವಾಪಸ್ ಗಾಡಿ ಓಡಿಸ್ಬೇಕಾದವ್ರು ಇರ್ತಾರೆ, ಮಕ್ಕಳಂತೂ ಇದ್ದೇ ಇರ್ತಾವೆ. ಇವರಿಗೆಲ್ಲ ಒಂದೊಂದು ಕೋಕ್ ಕ್ಯಾನ್ ಕೊಟ್ಟು ಕೂರಿಸಿ ಮಿಕ್ಕೋರಿಗೆ ಮಾತ್ರ ಚಂದದ ಗ್ಲಾಸಲ್ಲಿ ಮಾರ್ಗರೀಟಾ (ಟೆಕೀಲಾ ಅನ್ನೋ ಮೆಕ್ಸಿಕನ್ ಮದ್ಯಕ್ಕೆ ನಿಂಬೆ ಬೆರೆಸಿದ ಡ್ರಿಂಕು) ಕೊಡೋದು ನಂಗ್ಯಾಕೋ ಸರಿ ಕಾಣಲ್ಲ. ಅದಕ್ಕೆ ನಾನು ಮಾಡೋದು ಏನಂದ್ರೆ, ಪ್ರತಿಯೊಂದು ಡ್ರಿಂಕೂ ಆಲ್ಕೋಹಾಲ್ ಇಲ್ದೇನೇ ಕುಡಿಯೋಕೆ ಚೆನ್ನಾಗಿರ್ಬೇಕು, ಟೆಕೀಲಾ ಏನಿದ್ರೂ ಕೊನೇಲಿ, ಅವರವರ ಗ್ಲಾಸಿಗೆ.

ಇದು ಮೆಕ್ಸಿಕೋದ ಸ್ವಾತಂತ್ರ್ಯ ದಿನ ಅಲ್ಲ ಅಂತ ಪ್ರತಿ ವರ್ಷ ಯಾರಿಗಾದ್ರೂ ಹೇಳ್ಬೇಕಾಗತ್ತೆ, ಅದು ಸೆಪ್ಟೆಂಬರ್ 16. ಮೇ 5 ಪುಯೆಬ್ಲಾ ಊರಿನ ಯುದ್ಧದ ದಿನ. ಮೆಕ್ಸಿಕೋ ಅಧ್ಯಕ್ಷ ಬೆನಿತೊ ಹುವಾರೆಸ್ ಸರ್ಕಾರ 1861ರಲ್ಲಿ ಹೊರದೇಶದ ಸಾಲ ಸದ್ಯಕ್ಕೆ ಕಟ್ಟಲ್ಲ ಅಂತು, ಬ್ರಿಟನ್ನು, ಸ್ಪೇನು, ಫ್ರಾನ್ಸು ಮೂರೂ ಹಡಗು ಕಳಿಸಿದ್ವು, ಮೊದಲ ಎರಡು ಮಾತಾಡ್ಕೊಂಡು ವಾಪಸ್ ಹೋದ್ವು, ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ನನ ಸೈನ್ಯ ಮಾತ್ರ ರಾಜಧಾನಿ ಕಡೆ ಹೊರಟಿತು. 1862ರ ಮೇ 5ಕ್ಕೆ ಮೆಕ್ಸಿಕೋದ ಜನರಲ್ ಇಗ್ನಾಸಿಯೊ ಸರಗೋಸ ಈ ಫ್ರೆಂಚ್ ಸೈನ್ಯವನ್ನ ಪುಯೆಬ್ಲಾದಲ್ಲಿ ಸೋಲಿಸಿ ಹಿಂದಕ್ಕಟ್ಟಿದ. ಮರುವರ್ಷ ಫ್ರೆಂಚರು ಇನ್ನೂ ದೊಡ್ಡ ಸೈನ್ಯ ತಂದು ಊರು ಹಿಡಿದ್ರು ಅನ್ನೋದು ಬೇರೆ ಮಾತು. ಈ ಸರಗೋಸ ಹುಟ್ಟಿದ್ದು ಈಗಿನ ಟೆಕ್ಸಾಸ್‌ನ ಗೋಲಿಯಾಡ್ ಹತ್ರ, 1829ರಲ್ಲಿ, ಆಗ ಅದು ಮೆಕ್ಸಿಕೋನೇ. ನಮ್ಮಿಂದ ಒಂದೂವರೆ ಗಂಟೆ ದಾರಿ, ಅಲ್ಲಿ ಅವನ ಕಂಚಿನ ಪ್ರತಿಮೆ ಇದೆ. ಮೆಕ್ಸಿಕೋದಲ್ಲಿ ಈ ದಿನದ ಸಂಭ್ರಮ ಹೆಚ್ಚಾಗಿ ಪುಯೆಬ್ಲಾದಲ್ಲೇ, ಗಡಿಯಾಚೆ ಇಲ್ಲಿನ ಮೆಕ್ಸಿಕನ್ ಮೂಲದವ್ರಿಗೆ ಮಾತ್ರ ದೊಡ್ಡ ಹಬ್ಬ. ನಮ್ಮ ಪಕ್ಕದ ಮನೆಯವರ ತಾತ ಪುಯೆಬ್ಲಾದೋರು. ಈ ಪಕ್ಕದ ಮನೆಯವ್ರು ಪಾರ್ಟಿಗೆ ಕರೀವಾಗ್ಲೇ ಹೇಳಿಬಿಡ್ತಾರೆ, ಮೆಕ್ಸಿಕನ್ನರನ್ನ ಅಣಕಿಸೋ ಹಾಗೆ ಅಂಟಿಸೋ ಮೀಸೆ, ದೊಡ್ಡ ಟೋಪಿ ಹಾಕ್ಕೊಂಡ್ ಬಂದ್ರೆ ಗೇಟ್ ತೆಗೆಯಲ್ಲ ಅಂತ. ಸರಿಯಾದ ಮಾತೇ.

ಸರಿ, ಡ್ರಿಂಕ್ಸಿಗೆ ಬರೋಣ. ನನ್ನ ಮುಖ್ಯ ಬೇಸ್ ಹಮಾಯ್ಕ. ಹಿಬಿಸ್ಕಸ್ ಜಾತಿಯ ಒಂದು ಗಿಡದ ಹೂವಿನ ಬುಡದಲ್ಲಿರೋ ದಪ್ಪ ಕೆಂಪು ಎಸಳು ಒಣಗಿಸಿ ಮಾರ್ತಾರೆ, ಮೆಕ್ಸಿಕನ್ ಅಂಗಡಿಲಿ ಮೂಟೆಯಿಂದ ತೂಗಿ ಕೊಡ್ತಾರೆ. ಅತ್ತೆ ಧಾರವಾಡದೋರು, ಮೊದಲ ಗುಟುಕಿಗೇ "ಏ ಇದು ನಮ್ಮ ಪುಂಡಿಪಲ್ಲೆ ಹುಳಿ ಐತಲ್ಲವಾ" ಅಂದ್ರು. ಹೌದು, ಪುಂಡಿಯ ಕುಟುಂಬದ್ದೇ. ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿ, 50 ಗ್ರಾಂ ಹೂ, ಒಂದು ತುಂಡು ಚಕ್ಕೆ, ಜಜ್ಜಿದ ಶುಂಠಿ ಹಾಕಿ 20 ನಿಮಿಷ ಮುಚ್ಚಿಡಿ. ಹೂ ಹಾಕಿದ್ಮೇಲೆ ತುಂಬಾ ಹೊತ್ತು ಕುದಿಸ್ಬೇಡಿ, ಒಗರು ಬರತ್ತೆ. ಸೋಸಿ, ಬಿಸಿ ಇರೋವಾಗ್ಲೇ ಮುಕ್ಕಾಲು ಕಪ್ ಸಕ್ಕರೆ ಕರಗಿಸಿ ಫ್ರಿಜ್ಜಲ್ಲಿಡಿ. ಬಣ್ಣ ನೋಡಿದ್ರೆ ಅರ್ಧ ಹಬ್ಬ ಅಲ್ಲೇ ಆಗೋಗತ್ತೆ, ಆದ್ರೆ ಬಿಳಿ ಬಟ್ಟೆ, ಮಾರ್ಬಲ್ ಕೌಂಟರ್ ಮೇಲೆ ಚೆಲ್ಲಿದ್ರೆ ಕಲೆ ಹೋಗಲ್ಲ. ಗ್ಲಾಸಿಗೆ 90 ಮಿ.ಲೀ. ಇದು, 20 ಮಿ.ಲೀ. ನಿಂಬೆರಸ, ಐಸು, ಮೇಲೆ ಸೋಡಾ, ಕುಡಿಯದೋರಿಗೆ ಇಷ್ಟೇ. ಕುಡಿಯೋರಿಗೆ ಸೋಡಾ ಕಮ್ಮಿ ಮಾಡಿ 45 ಮಿ.ಲೀ. ಟೆಕೀಲಾ. ಪಕ್ಕಪಕ್ಕ ಇಟ್ರೆ ಯಾವುದರಲ್ಲಿ ಏನಿದೆ ಅಂತ ಕಣ್ಣಿಗೆ ಗೊತ್ತಾಗಲ್ಲ, ಅದಕ್ಕೇ ಟೆಕೀಲಾ ಇರೋ ಗ್ಲಾಸಿಗೆಲ್ಲ ನಿಂಬೆ ಬಿಲ್ಲೆ ಸಿಕ್ಕಿಸ್ತೀನಿ, ಮಕ್ಕಳಿರೋ ಮನೇಲಿ ಈ ಗುರುತು ಬೇಕೇ ಬೇಕು.

ನಿಂಬೆ ವಿಷಯ. ಇಲ್ಲಿನ ಸೂಪರ್‌ಮಾರ್ಕೆಟ್‌ನ ದಪ್ಪ ಹಸಿರು ಬೀಜವಿಲ್ಲದ್ದು ಬೇಡ, ಮೆಕ್ಸಿಕನ್ ಅಂಗಡಿಲಿ ಬಲೆ ಚೀಲದಲ್ಲಿ ಬರೋ ಸಣ್ಣ ಕಾಯಿ ತಗೊಳ್ಳಿ, ನಮ್ಮೂರ ನಿಂಬೆ ಥರಾನೇ ವಾಸನೆ, ಹುಳಿ ಎರಡೂ ಜಾಸ್ತಿ. ಬಾಟ್ಲಿ ಮಾರ್ಗರೀಟಾ ಮಿಕ್ಸ್ ಅಂತೂ ನಮ್ಮನೆ ಒಳಗೇ ಬರಲ್ಲ. ಟೆಕೀಲಾ ದುಬಾರಿದೇ ಬೇಕಂತಿಲ್ಲ, ಆದ್ರೆ ಲೇಬಲ್ ಮೇಲೆ 100% ಅಗಾವೆ (ಟೆಕೀಲಾ ಮಾಡೋ ಗಿಡ) ಅಂತ ಇರ್ಲೇಬೇಕು. ಬರೀ ಟೆಕೀಲಾ ಅಂತಿದ್ರೆ ಅದರಲ್ಲಿ ಅಗಾವೆ ಸಕ್ಕರೆ 51% ಇದ್ರೂ ಸಾಕು, ಮಿಕ್ಕಿದ್ದು ಬೇರೆ ಸಕ್ಕರೆ. ಜ್ಯೂಸ್ ಜೊತೆ ಬೆರೆಸೋಕೆ ಬ್ಲಾಂಕೊ, ಅಂದ್ರೆ ಹಳೆಯದಾಗಿಸದ ಬಿಳಿ ಟೆಕೀಲಾ ಸಾಕು, ಮರದ ಪೀಪಾಯಲ್ಲಿ ಹಳೆಯದಾಗಿಸಿದ ಅನ್ಯೆಹೊ ತಂದು ಸೋಡಾಗೆ ಸುರಿಯೋದು ದಂಡ. ಅಂದಹಾಗೆ ನಮ್ಮ ಕಡೆ ಹೊಲದ ಬೇಲಿಗೆ ಹಾಕ್ತಿದ್ದ ಕತ್ತಾಳೆನೂ ಅಗಾವೆನೇ, ಮೆಕ್ಸಿಕೋದಿಂದ ಬಂದಿದ್ದು, ಟೆಕೀಲಾದ ನೀಲಿ ಅಗಾವೆ ಅದರ ದಾಯಾದಿ.

ಮೆಕ್ಸಿಕೋದಲ್ಲಿ ಜನ ಹೆಚ್ಚು ಕುಡಿಯೋ ಇನ್ನೊಂದು ಪಲೋಮ. ಮಾಡೋಕೆ ಎರಡೇ ನಿಮಿಷ: ಐಸು, 15 ಮಿ.ಲೀ. ನಿಂಬೆರಸ, ಒಂದು ಚಿಟಿಕೆ ಉಪ್ಪು, ಗ್ರೇಪ್‌ಫ್ರೂಟ್ ಸೋಡಾ, ಬೇಕಾದ್ರೆ ಟೆಕೀಲಾ. ಟೆಕ್ಸಾಸ್‌ನ ಕೆಂಪು ಗ್ರೇಪ್‌ಫ್ರೂಟ್ ಸಿಕ್ಕಿದ್ರೆ ಅದರ ರಸ, ಸಕ್ಕರೆ, ಸಾದಾ ಸೋಡಾ. ಬೆಂಗಳೂರಲ್ಲಿ ಮಾಡೋರು ಚಕ್ಕೋತ ಹಿಂಡಿ ನೋಡ್ಬಹುದು. ಒಂದು ಎಚ್ಚರಿಕೆ, ಬಿಪಿ ಮತ್ತೆ ಕೊಲೆಸ್ಟ್ರಾಲ್‌ನ ಕೆಲವು ಮಾತ್ರೆಗಳಿಗೆ ಗ್ರೇಪ್‌ಫ್ರೂಟ್ ಆಗ್ಬರಲ್ಲ, ಹಿರಿಯರಿಗೆ ಕೊಡೋ ಮುಂಚೆ ಕೇಳಿ. ಮಾವನಿಗೆ ನಾನು ಇದು ಕೊಡಲ್ಲ.

ಗ್ಲಾಸ್ ಅಂಚಿಗೆ ಉಪ್ಪು-ಖಾರ ಹಚ್ಚೋಕೆ ಇಲ್ಲಿ ರೆಡಿ ತಹೀನ್ ಸಿಗತ್ತೆ. ನಾನು ಬ್ಯಾಡಗಿ ಪುಡಿ, ಕಲ್ಲುಪ್ಪು ಕುಟ್ಟಿದ್ದು, ಒಣಗಿಸಿದ ನಿಂಬೆಸಿಪ್ಪೆ ಸೇರಿಸಿ ಮಾಡ್ತೀನಿ, ಬಣ್ಣ ಬರತ್ತೆ, ಬಾಯಿ ಉರಿಯಲ್ಲ. ಪಕ್ಕದ ಮನೆಯವ್ರು ಡಬ್ಬಿ ತುಂಬಾ ಕೇಳಿ ತಗೊಂಡು ಹೋದ್ರು. ಅಂಚಿನ ಅರ್ಧ ಭಾಗಕ್ಕೆ ಮಾತ್ರ ಹಚ್ಚಿ, ಬೇಡ ಅಂದೋರು ಹಚ್ಚದ ಕಡೆಯಿಂದ ಕುಡೀಲಿ.

ಊಟಕ್ಕೆ ಮುಂಚೆ ಬಂದೇರಾ, ಅಂದ್ರೆ ಬಾವುಟ, ಮೆಕ್ಸಿಕೋ ಬಾವುಟದ ಮೂರು ಬಣ್ಣ. ಮೂರು ಪುಟ್ಟ ಗ್ಲಾಸು ಸಾಲಾಗಿ: ಹಸಿರಿಗೆ ನಿಂಬೆರಸ, ಬಿಳಿಗೆ ಟೆಕೀಲಾ, ಕೆಂಪಿಗೆ ಸಂಗ್ರೀತ ಅನ್ನೋ ಹುಳಿ-ಖಾರದ ಜ್ಯೂಸು. ಒಂದೊಂದರಿಂದ ಒಂದೊಂದು ಗುಟುಕು, ಗಟಗಟ ಅಲ್ಲ. ಸಂಗ್ರೀತಕ್ಕೆ ಕೆಲವರು ಟೊಮ್ಯಾಟೊ ಹಾಕ್ತಾರೆ, ನಂಗೆ ಕಿತ್ತಳೆ, ದಾಳಿಂಬೆ, ನಿಂಬೆ ರಸಕ್ಕೆ ಒಂದಿಷ್ಟು ಉಪ್ಪು-ಮೆಣಸಿನಪುಡಿ ಹಾಕಿದ್ದೇ ಇಷ್ಟ. ಕುಡಿಯದೋರಿಗೆ ಮಧ್ಯದ ಗ್ಲಾಸಲ್ಲಿ ಎಳನೀರು. ನೆಂಚ್ಕೊಳ್ಳೋಕೆ ಗ್ವಾಕಮೋಲೆ (ಬೆಣ್ಣೆಹಣ್ಣಿನ ಚಟ್ನಿ), ಜೊತೆಗೆ ಕಾಂಗ್ರೆಸ್ ಕಡ್ಲೆಬೀಜ, ಯಾಕಂದ್ರೆ ಮೆಕ್ಸಿಕನ್ನರೂ ಖಾರ ಹಚ್ಚಿದ ಕಡ್ಲೆಬೀಜ ತಿನ್ನೋರೇ.

ಸೋಸಿ ಉಳಿದ ಹಮಾಯ್ಕ ಹೂ ಬಿಸಾಕ್ಬೇಡಿ. ಮೆಕ್ಸಿಕೋದಲ್ಲಿ ಅದನ್ನ ಈರುಳ್ಳಿ ಜೊತೆ ಹುರಿದು ಟಾಕೋಗೆ ತುಂಬ್ತಾರೆ. ಅತ್ತೆ ಮಾರನೇ ದಿನ ಅದಕ್ಕೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟು ರೊಟ್ಟಿಗೆ ಪಲ್ಯ ಮಾಡಿದ್ರು, ಚಕ್ಕೆ ತುಂಡು ಆರಿಸಿ ತೆಗೆದು, ಮೇಲೆ ಸ್ವಲ್ಪ ಬೆಲ್ಲ ಹಾಕಿದ್ರೆ ಹುಳಿ ಹದವಾಗತ್ತೆ.