ಡೆಕ್ ಕೊಯ್ಯದೆ, ಕ್ರೇನ್ ತರಿಸದೆ ಬೋಟಿನೊಳಗೇ ದೊಡ್ಡ ಎಂಜಿನ್ ಬಿಚ್ಚಿ ಕಟ್ಟಿದ್ದು: ನನ್ನ ಅನುಭವ

ಕಾರವಾರದ ಬೈತಖೋಲ ಬಂದರಿನಲ್ಲಿ ಪರ್ಸೀನ್ ಬೋಟಿನ (ಸುತ್ತುಬಲೆಯ ಮೀನುಗಾರಿಕೆ ಬೋಟು) ಎಂಜಿನ್ ಪೂರ್ತಿ ಬಿಚ್ಚಬೇಕು ಅಂದರೆ ಸಲಹೆ ಯಾವಾಗಲೂ ಒಂದೇ: ಕ್ಯಾಬಿನ್ ಕಳಚು, ಡೆಕ್ ಕೊಯ್ಯಿ, ಕ್ರೇನ್ ತರಿಸು, ಲಾರಿಗೆ ಹಾಕಿ ಹುಬ್ಬಳ್ಳಿಗೋ ಮಂಗಳೂರಿಗೋ ಕಳಿಸು. ಹೆಡ್ಡು, ವಾಲ್ವು, ಇಂಜೆಕ್ಟರ್ ಕೆಲಸ ಎಲ್ಲರೂ ಬೋಟಿನಲ್ಲೇ ಮಾಡುತ್ತಾರೆ. ಆದರೆ ಲೈನರಿನ (ಪಿಸ್ಟನ್ ಓಡಾಡುವ ಕೊಳವೆ) ಕಾಲರ್ ಕೂರುವ ಮೆಟ್ಟಿಲನ್ನು ಬ್ಲಾಕಿನಲ್ಲಿ ಹೊಸದಾಗಿ ಕೊರೆಯುವುದು, ಕ್ರ್ಯಾಂಕ್ ಶಾಫ್ಟ್ ಹೊರುವ ಮೇನ್ ಬೇರಿಂಗ್ ಬದಲಿಸುವುದು ಎಂಜಿನ್ ರೂಮಿನೊಳಗೆ ಆಗುವ ಕೆಲಸವೇ ಅಲ್ಲ ಅಂತ ಹಳೇ ಮಿಸ್ತ್ರಿಗಳೂ ಹೇಳಿದರು. ಎರಡು ಮಳೆಗಾಲ ಅವರ ಮಾತೇ ನಿಜವಾಯಿತು. ಮೂರನೆಯದಕ್ಕೆ ಕೆಲಸ ಕೈಹಿಡಿಯಿತು. ಈಗ ಒಂದು ಪೂರ್ತಿ ಸೀಸನ್, ಅಂದಾಜು 1,600 ಗಂಟೆ ಓಡಿದೆ. ಎಂಜಿನ್ ತಣಿಸುವ ಟ್ಯಾಂಕಿನ ನೀರು ಇಳಿದಿಲ್ಲ, ನೀರು ಸೇರಿ ಎಣ್ಣೆ ಬೆಳ್ಳಗಾಗಿಲ್ಲ.

ಎಂಜಿನ್ ಆರು ಸಿಲಿಂಡರ್, 14 ಲೀಟರ್, ಟರ್ಬೊ, 350 ಹೆಚ್‌ಪಿ ಆಸುಪಾಸು. ಎರಡು ಸಿಲಿಂಡರಿಗೆ ಒಂದರಂತೆ ಮೂರು ಹೆಡ್ಡು, ವೆಟ್ ಲೈನರ್ (ಹೊರಮೈಗೆ ನೀರು ತಾಗುವಂಥದ್ದು), ಏಳು ಮೇನ್ ಬೇರಿಂಗ್. ಬೋಟು ಮರದ್ದು. ರೋಗ ಇಷ್ಟೇ: 5ನೇ ಸಿಲಿಂಡರಿನ ಗ್ಯಾಸ್ಕೆಟ್ ವರ್ಷಕ್ಕೆ ಎರಡು ಸಲ ಹೋಗುತ್ತಿತ್ತು. ಪ್ರತಿ ಸಲವೂ ಹೆಡ್ ಫೇಸಿಂಗ್, ಹೊಸ ಗ್ಯಾಸ್ಕೆಟ್, ಮತ್ತೆ ಅದೇ ಕಥೆ. ತಪ್ಪು ಹೆಡ್ಡಿನಲ್ಲಿ ಇರಲೇ ಇಲ್ಲ. ಗ್ಯಾಸ್ಕೆಟ್ ಒತ್ತಿ ಹಿಡಿಯಲು ಈ ಎಂಜಿನ್ನಿನಲ್ಲಿ ಲೈನರ್ ಬ್ಲಾಕಿನ ಮಟ್ಟಕ್ಕಿಂತ 3ರಿಂದ 6 ತೌ (ಒಂದು ತೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ) ಮೇಲೆ ನಿಲ್ಲಬೇಕು. 5ರಲ್ಲಿ ಒಂದು ಬದಿ 2 ತೌ, ಎದುರು ಬದಿ ಸೊನ್ನೆ. ಎಂಜಿನ್ನಿನ ಒಳನೀರನ್ನು ಸಮುದ್ರದ ನೀರಿನಿಂದ ತಣಿಸುವ ಹೀಟ್ ಎಕ್ಸ್‌ಚೇಂಜರಿನ ಒಂದು ಟ್ಯೂಬು ಸೋರಿ ಉಪ್ಪುನೀರು ಒಳನೀರಿಗೆ ಸೇರಿತ್ತು. ಎಷ್ಟು ತಿಂಗಳು ಸೇರಿತ್ತೋ, ಮೆಟ್ಟಿಲನ್ನು ಓರೆಯಾಗಿ ತಿಂದುಬಿಟ್ಟಿತ್ತು.

ಮೊದಲ ವರ್ಷ ಹೊಸ ಲೈನರ್ ತಂದು, ಕೆಳಗೆ ಹಿತ್ತಾಳೆ ಹಾಳೆಯ ಶಿಮ್ಮನ್ನು (ಎತ್ತರ ಸರಿಮಾಡುವ ತೆಳು ಬಳೆ) ಕೈಯಲ್ಲೇ ಕತ್ತರಿಸಿ ಹಾಕಿ ಕಟ್ಟಿದ್ದೆ. ಬರೀ ಬೆರಳಲ್ಲಿ ಒತ್ತಿ ಅಳೆದಾಗ 5 ತೌ ತೋರಿಸಿತು. ಹೆಡ್ ಬಿಗಿದ ಮೇಲೆ ಶಿಮ್ಮು ಮೆಟ್ಟಿಲಿನ ಗುಂಡಿಗಳೊಳಗೆ ಕುಸಿಯಿತು. 40 ಗಂಟೆಗೆ ಗ್ಯಾಸ್ಕೆಟ್ ಹೋಯಿತು. ಓರೆ ಮೆಟ್ಟಿಲಿಗೆ ಯಾವ ಶಿಮ್ಮೂ ಮದ್ದಲ್ಲ; ಮೊದಲು ಮೆಟ್ಟಿಲು ಸಮ ಆಗಬೇಕು. ಆಗ ಸುಟ್ಟ ದುಡ್ಡು ಸುಮಾರು 45 ಸಾವಿರ. ಅದರ ಮೇಲೆ ಆಗಸ್ಟಿನ ಹನ್ನೊಂದು ದಿನದ ಮೀನುಗಾರಿಕೆ ಹೋಯಿತು. ಬಾಂಗಡೆ ಬರುವ ಹೊತ್ತಿಗೆ ಬೋಟು ಧಕ್ಕೆಯಲ್ಲಿ ಕಟ್ಟಿತ್ತು.

ಈಗ ಎತ್ತುವ ವಿಷಯ. ಆಯಿಲ್ ಚೇಂಬರ್ (ತಳದ ಎಣ್ಣೆ ತೊಟ್ಟಿ) ಇಳಿಸಲು ಎಂಜಿನ್ನಿನ ಅಡಿಯಲ್ಲಿ ಜಾಗವಿಲ್ಲ, ಅಲ್ಲಿರುವುದು ಬೋಟಿನ ತಳ. ಹಾಗಂತ ಎಂಜಿನ್ನನ್ನು ಹೊರಗೇ ತೆಗೆಯಬೇಕಿಲ್ಲ. ಒಂದೂವರೆ ಅಡಿ ಎತ್ತಿ ನಿಲ್ಲಿಸಿದರೆ ಸಾಕು. ಹೆಡ್ಡು, ಮ್ಯಾನಿಫೋಲ್ಡು, ಟರ್ಬೊ, ಹೀಟ್ ಎಕ್ಸ್‌ಚೇಂಜರ್, ಆಲ್ಟರ್ನೇಟರ್ ಎಲ್ಲ ಮೊದಲೇ ಕಳಚಿ, ಗೇರ್‌ಬಾಕ್ಸ್ ಬಿಡಿಸಿ ಹಿಂದೆ ಸರಿಸಿದರೆ ಉಳಿಯುವ ಭಾರ ಒಂದು ಟನ್ನಿಗಿಂತ ಕೆಳಗೆ ಬರುತ್ತದೆ. ಎಂಜಿನ್ ರೂಮಿನ ಬಾಯಿ, ಅಂದರೆ ಹ್ಯಾಚಿನ ಮೇಲೆ ಆರು ಇಂಚಿನ ಎರಡು ಕಬ್ಬಿಣದ ಚಾನಲ್ ಬೆನ್ನಿಗೆ ಬೆನ್ನು ಕೊಟ್ಟು ಇಟ್ಟು, ಮೂರು ಟನ್ನಿನ ಎರಡು ಚೈನ್ ಪುಲ್ಲಿ, ಮುಂದೊಂದು ಹಿಂದೊಂದು. ಎರಡನೇ ವರ್ಷ ಚಾನಲ್ಲನ್ನು ನೇರ ಡೆಕ್ಕಿನ ಹಲಗೆ ಮೇಲೆ ಇಟ್ಟಿದ್ದೆ. ಅರ್ಧ ಇಂಚು ಕುಸಿಯಿತು, ಹಲಗೆಯ ಸಂದಿ ಬಿಟ್ಟಿತು, ಮತ್ತೆ ಹತ್ತಿ ತುಂಬಿಸಬೇಕಾಯಿತು. ಈ ಸಲ ಚಾನಲ್ಲಿನ ನಾಲ್ಕೂ ತುದಿಗೆ ಎರಡಿಂಚಿನ ಪೈಪಿನ ಊರುಗೋಲು ಕೊಟ್ಟು ಭಾರವನ್ನು ಕೆಳಗೆ ಎಂಜಿನ್ ಬೆಡ್ಡಿನ ಉದ್ದಮರಕ್ಕೇ ಇಳಿಸಿದೆ. ಡೆಕ್ಕಿಗೆ ಒಂದು ಕಿಲೊ ಭಾರವೂ ಬೀಳಲಿಲ್ಲ.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನದಲ್ಲಿ ಬಂದರಿನೊಳಗೂ ಅಲೆಯ ತೂಗು ಇದ್ದೇ ಇರುತ್ತದೆ. ತೂಗುವ ಎಂಜಿನ್ ಬೆರಳು ತೆಗೆಯುತ್ತದೆ. ನಾಲ್ಕು ಮೂಲೆಯಿಂದ ಟರ್ನ್‌ಬಕಲ್ (ತಿರುಗಿಸಿ ಬಿಗಿಯುವ ಕೊಂಡಿ) ಹಾಕಿ, ಎತ್ತಿದ ಪ್ರತಿ ಎರಡು ಇಂಚಿಗೆ ಬಿಗಿ ಮಾಡಿ. ಒಂದೂವರೆ ಅಡಿ ಬಂದ ಕೂಡಲೇ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿ ಬೋಲ್ಟ್ ಹಾಕಿಬಿಡಿ. ಪುಲ್ಲಿಯಲ್ಲಿ ತೂಗುತ್ತಿರುವ ಎಂಜಿನ್ನಿನ ಅಡಿಗೆ ಕೈ ಹಾಕುವ ಕೆಲಸ ನನ್ನ ಬೋಟಿನಲ್ಲಿ ಇಲ್ಲ.

ಲೈನರ್ ಐದು ಪುಲ್ಲರಿಗೆ ಬಂದವು. 5ನೆಯದು ತುಕ್ಕಿಗೆ ಹಿಡಿದು ಅಲುಗಲೇ ಇಲ್ಲ. ಅದರ ಒಳಗೋಡೆಯ ಮೇಲಿಂದ ಕೆಳಕ್ಕೆ ಎದುರುಬದುರಾಗಿ ಎರಡು ಸಾಲು ವೆಲ್ಡಿಂಗ್ ಎಳೆದು ತಣಿಯಲು ಬಿಟ್ಟರೆ ಲೈನರ್ ಕುಗ್ಗಿ ಸಡಿಲವಾಗುತ್ತದೆ. ಅರ್ಥಿಂಗ್ ಕ್ಲಿಪ್ಪನ್ನು ಲೈನರಿಗೇ ಕಚ್ಚಿಸಬೇಕು. ಬ್ಲಾಕಿಗೋ ಎಂಜಿನ್ ಬೆಡ್ಡಿಗೋ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ದಾರಿ ಹುಡುಕಿ ಕ್ರ್ಯಾಂಕ್ ಜರ್ನಲ್ (ಬೇರಿಂಗಿನಲ್ಲಿ ತಿರುಗುವ ಭಾಗ) ಸುಡಬಹುದು. ಬಿಲ್ಜಿನ ಡೀಸೆಲ್ ನೀರು ಪೂರ್ತಿ ತೆಗೆದು, ಸೋಪು ಹಾಕಿ ತೊಳೆದ ಮೇಲೆಯೇ ವೆಲ್ಡಿಂಗ್. ಒಬ್ಬ ಖಲಾಸಿ ಒದ್ದೆ ಗೋಣಿ, ಬಕೆಟ್ ನೀರು ಹಿಡಿದು ಪಕ್ಕದಲ್ಲೇ ನಿಂತಿರಬೇಕು.

ಎಲ್ಲರೂ ಆಗದು ಅಂದ ಕೆಲಸ ಮೆಟ್ಟಿಲು ಕೊರೆಯುವುದು. ಅದಕ್ಕೆ ಕೈಯಲ್ಲಿ ತಿರುಗಿಸುವ ಕೌಂಟರ್‌ಬೋರ್ ಟೂಲ್ ಇದೆ. ಬ್ಲಾಕಿನ ಮೇಲೆ ಬೋಲ್ಟ್ ಹಾಕಿ, ಬೋರಿಗೆ ಸೆಂಟರ್ ಮಾಡಿ, ಹ್ಯಾಂಡಲ್ ತಿರುಗಿಸುವುದು. ಹಳೆಯದೊಂದು 38 ಸಾವಿರಕ್ಕೆ ಸಿಕ್ಕಿತು. ಒಂದು ಸಲಕ್ಕೆ 2 ತೌಗಿಂತ ಹೆಚ್ಚು ಇಳಿಸಬೇಡಿ. ಹೆಚ್ಚಿಗೆ ಇಳಿಸಿದರೆ ಬ್ಲೇಡ್ ನಡುಗಿ ಮೆಟ್ಟಿಲಿನಲ್ಲಿ ಅಲೆ ಬೀಳುತ್ತದೆ. ಕೊನೆಯ ಸುತ್ತುಗಳನ್ನು ಬ್ಲೇಡ್ ಇಳಿಸದೆ, ಪುಡಿ ಬರುವುದು ನಿಲ್ಲುವವರೆಗೆ ತಿರುಗಿಸುತ್ತಲೇ ಇರಿ. ತುಕ್ಕು ಹಿಡಿದ ಬ್ಲಾಕಿನಲ್ಲಿ ನಡುಕ ಬರದಂತೆ ಬ್ಲೇಡಿನ ಮೂತಿಯನ್ನು ನಾನು ಬೇರೆ ಥರ ಅರೆದಿದ್ದೇನೆ. ಅದರ ಕೋನ ಇಲ್ಲಿ ಬರೆಯುವುದಿಲ್ಲ. ಎರಡು ಬ್ಲೇಡ್ ಹಾಳು ಮಾಡಿ ಕಲಿತದ್ದು.

ಲೆಕ್ಕ ಹೀಗೆ. 5ರಲ್ಲಿ ಹೊಸ ಲೈನರ್ ಹಳೇ ಮೆಟ್ಟಿಲಿನ ಮೇಲೆ ಸರಾಸರಿ 1 ತೌ ಮೇಲಿತ್ತು. ಪೂರ್ತಿ ಹೊಳೆಯುವ ಮೆಟ್ಟಿಲು ಸಿಗಲು 16 ತೌ ಕೊರೆಯಬೇಕಾಯಿತು. ಲೈನರ್ 15 ತೌ ಕೆಳಗೆ ಹೋಯಿತು. ಕಂಪನಿಯ 20 ತೌ ಶಿಮ್ ಹಾಕಿದಾಗ 5 ತೌ ಮೇಲೆ ಬಂತು. 6ರಲ್ಲಿ 5 ತೌ ಕೊರೆದು 8 ತೌ ಶಿಮ್ ಹಾಕಿ 4ಕ್ಕೆ ನಿಲ್ಲಿಸಿದೆ. ಒಂದೇ ಹೆಡ್ಡಿನ ಕೆಳಗಿನ ಎರಡು ಲೈನರಿಗೆ 1 ತೌಗಿಂತ ಹೆಚ್ಚು ವ್ಯತ್ಯಾಸ ನಾನು ಬಿಡುವುದಿಲ್ಲ. ಶಿಮ್ ಒಂದೇ ಇರಲಿ. ಎರಡು ತೆಳು ಶಿಮ್ ಒಂದರ ಮೇಲೊಂದು ಇಟ್ಟರೆ ನಡುವೆ ಎಣ್ಣೆ, ಧೂಳು ಸಿಕ್ಕಿ ಆಮೇಲೆ ಕುಸಿಯುತ್ತದೆ. ಕೊರೆದ ಮೇಲೆ ಲೈನರಿನ ಕಾಲರಿಗೆ ಗುರುತು ಮೂಡಿಸುವ ನೀಲಿ ಬಣ್ಣ ಹಚ್ಚಿ ಒತ್ತಿ ತಿರುಗಿಸಿ ತೆಗೆಯಿರಿ. ಗುರುತು ಸುತ್ತಲೂ ಮುರಿಯದೆ ಬಂದಿರಬೇಕು. ಆಳವನ್ನು ನಾಲ್ಕು ಕಡೆ ಅಳೆದರೆ 1 ತೌ ಒಳಗೇ ಇರಬೇಕು. ಲೈನರ್ ಎಷ್ಟು ಎತ್ತರ ನಿಂತಿದೆ ಅಂತ ಅಳೆಯುವಾಗ ದಪ್ಪ ಪಟ್ಟಿ, ಎರಡು ಬೋಲ್ಟಿನಿಂದ ಲೈನರನ್ನು ಬಿಗಿದೇ ಅಳೆಯಿರಿ, ಬೋಲ್ಟಿಗೆ 50 ಪೌಂಡ್-ಅಡಿ ಸಾಕು. ಮೊದಲ ವರ್ಷ ಇದೊಂದನ್ನು ಮಾಡಿದ್ದರೆ ಆ 45 ಸಾವಿರ ಉಳಿಯುತ್ತಿತ್ತು.

ಕಬ್ಬಿಣದ ಪುಡಿ ಕೆಳಗೆ ಕ್ರ್ಯಾಂಕಿನ ಮೇಲೆ ಬೀಳಬಾರದು. ಬೋರಿನೊಳಗೆ ಗ್ರೀಸ್ ಸವರಿದ ಬಟ್ಟೆ ತುರುಕಿ, ಬ್ಲಾಕಿನ ಎಣ್ಣೆ ತೂತುಗಳಿಗೆಲ್ಲ ಮರದ ಬಿರಡೆ ಹೊಡೆಯಿರಿ. ಬಿರಡೆ ಹೊಡೆದಾಗ ಎಣಿಸಿ ಬರೆದಿಡಿ, ತೆಗೆಯುವಾಗ ಮತ್ತೆ ಎಣಿಸಿ.

ಎರಡನೇ ವರ್ಷ ಕೆಲಸ ಕೆಟ್ಟದ್ದು ಲೈನರಿನ ಕೆಳಗೆ ನೀರು ತಡೆಯುವ ರಬ್ಬರಿನ ಓ-ರಿಂಗಿನಲ್ಲಿ. ಮೆಟ್ಟಿಲು ಸರಿಯಾಗಿಯೇ ಬಂದಿತ್ತು. ಆದರೆ ಬ್ಲಾಕಿನ ಕೆಳಬೋರಿನ ಅಂಚಿನಲ್ಲಿ ತುಕ್ಕಿನ ಹಲ್ಲು ಉಳಿದಿತ್ತು, 2ನೇ ಲೈನರಿನ ರಬ್ಬರನ್ನು ಸೀಳಿತು. ಎರಡೇ ದಿನಕ್ಕೆ ಚೇಂಬರಿನಲ್ಲಿ ನೀರು. ಈಗ ಆ ಅಂಚನ್ನು ಎಮರಿ ಪೇಪರಿನಿಂದ ಉಜ್ಜಿ, ಬೆರಳ ಉಗುರು ಎಲ್ಲೂ ಸಿಕ್ಕದ ಹಾಗೆ ಮಾಡುತ್ತೇನೆ. ರಿಂಗಿಗೆ ಗ್ರೀಸ್ ಬೇಡ, ಎಂಜಿನ್ ಆಯಿಲ್ಲಿನಲ್ಲಿ ನೆನೆಹಾಕುವುದೂ ಬೇಡ, ಉಬ್ಬುತ್ತದೆ. ಕೊಬ್ಬರಿ ಎಣ್ಣೆ ಸವರಿ ತಕ್ಷಣ ಒತ್ತಿ ಇಳಿಸಿ. ರಿಂಗ್ ಮಡಚಿಲ್ಲ ಅಂತ ಗೊತ್ತಾಗಲು ಲೈನರ್ ಕೂತ ಮೇಲೆ ರಿಂಗಿನ ಮಟ್ಟದಲ್ಲಿ ಬೋರ್ ಗೇಜ್ ಹಾಕಿ ಅಡ್ಡ-ಉದ್ದ ಅಳೆಯಿರಿ. 2 ತೌಗಿಂತ ಹೆಚ್ಚು ಓರೆ ಕಂಡರೆ ಯೋಚನೆ ಮಾಡದೆ ಹೊರಗೆ ತೆಗೆಯಿರಿ. ಪಿಸ್ಟನ್ ಹಾಕುವ ಮೊದಲು ಬ್ಲಾಕಿಗೆ ನೀರು ತುಂಬಿ ಒಂದು ರಾತ್ರಿ ಬಿಡುವುದು ಕಡ್ಡಾಯ.

ಮೇನ್ ಬೇರಿಂಗಿನ ಮೇಲಿನ ಶೆಲ್ (ಅರ್ಧಬಳೆ) ತೆಗೆಯಲು ಕ್ರ್ಯಾಂಕ್ ಇಳಿಸಬೇಕಿಲ್ಲ. ಜರ್ನಲಿನ ಎಣ್ಣೆ ತೂತಿಗೆ ತಲೆ ಚಪ್ಪಟೆ ಮಾಡಿದ ಪಿನ್ನು ಸಿಕ್ಕಿಸಿ, ಶೆಲ್ಲಿನ ಕಿವಿ ಇರುವ ಬದಿಯಿಂದ ಹೊರಬರುವ ಹಾಗೆ ಕ್ರ್ಯಾಂಕ್ ತಿರುಗಿಸಿದರೆ ಅದೇ ಜಾರಿ ಬರುತ್ತದೆ. ಹೊಸದನ್ನು ಹಾಕುವುದೂ ಹಾಗೇ, ಉಲ್ಟಾ. ಪಿನ್ನಿನ ತಲೆ ಶೆಲ್ಲಿನ ದಪ್ಪಕ್ಕಿಂತ ತೆಳ್ಳಗಿರಬೇಕು, ಇಲ್ಲದಿದ್ದರೆ ಬ್ಲಾಕಿಗೆ ಗೀರು ಬೀಳುತ್ತದೆ. ಒಂದು ಸಲಕ್ಕೆ ಒಂದೇ ಕ್ಯಾಪ್ ಬಿಚ್ಚಿ. ಬೇರಿಂಗಿನ ಸಂದು ಅಳೆಯಲು ಪ್ಲಾಸ್ಟಿಗೇಜ್ (ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ದಾರ) ಹಾಕುವವರು ಇಲ್ಲಿ ಮೋಸಹೋಗುತ್ತಾರೆ: ಎಂಜಿನ್ ನೆಟ್ಟಗೆ ನಿಂತಿರುವಾಗ ಕ್ರ್ಯಾಂಕಿನ ಭಾರ ಕೆಳಶೆಲ್ಲಿನ ಮೇಲೆ ಕೂತು ದಾರವನ್ನು ಅಪ್ಪಚ್ಚಿ ಮಾಡುತ್ತದೆ, ಸಂದು ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಪಕ್ಕದ ಎರಡು ಕ್ಯಾಪಿನೊಳಗೆ ದಪ್ಪ ಕಾಗದದ ತುಂಡು ಇಟ್ಟು ಬಿಗಿದು ಕ್ರ್ಯಾಂಕನ್ನು ಮೇಲಕ್ಕೆ ಒತ್ತಿ ಹಿಡಿದೇ ಅಳೆಯಬೇಕು. ಅಳೆದ ಮೇಲೆ ಕಾಗದ ತೆಗೆಯಲು ಮರೆಯಬೇಡಿ.

ಮಳೆಗಾಲದಲ್ಲಿ ಹೋನಿಂಗ್ ಮಾಡಿದ (ಕಲ್ಲಿನಿಂದ ಒಳಮೈ ಉಜ್ಜಿದ) ಬೋರಿಗೆ ಒಂದೇ ರಾತ್ರಿಗೆ ಕೆಂಪು ತುಕ್ಕು ಬರುತ್ತದೆ. ಬಿಸಿ ಸೋಪು ನೀರಲ್ಲಿ ತೊಳೆದು ಒರೆಸಿದ ಐದು ನಿಮಿಷದೊಳಗೆ ಎಣ್ಣೆ ಸವರಿರಬೇಕು. ಹ್ಯಾಚಿಗೆ ಎರಡು ಪದರ ತಾಡಪತ್ರಿ ಕಟ್ಟಿದ್ದರೂ ಬೇರಿಂಗ್ ಶೆಲ್ಲುಗಳನ್ನು ಹಾಕುವ ಗಳಿಗೆಯವರೆಗೆ ಪೊಟ್ಟಣದಿಂದ ಹೊರಗೆ ತೆಗೆಯುವುದಿಲ್ಲ.

ಕಟ್ಟಿದ ಮೇಲೆ ಮೊದಲ ಸ್ಟಾರ್ಟಿಗೆ ಮುಂಚೆ ಎಣ್ಣೆಯನ್ನು ಒತ್ತಡದಲ್ಲಿ ಬ್ಲಾಕಿನೊಳಗಿನ ಎಣ್ಣೆ ದಾರಿಗೆ, ಅಂದರೆ ಗ್ಯಾಲರಿಗೆ ತುಂಬಿಸಬೇಕು. ಅದಕ್ಕೆ ನಾನು ಬಳಸಿದ್ದು ಶಿರಸಿಯಿಂದ ತಂದ, ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಕೈಪಂಪು. ಹೊಸದೇ ಆಗಬೇಕು, ಮೈಲುತುತ್ತ ಕಂಡ ಪಂಪು ಬೇರಿಂಗಿನ ಹತ್ತಿರ ಬರಬಾರದು. ಎಣ್ಣೆಯನ್ನು ಸ್ವಲ್ಪ ಬಿಸಿ ಮಾಡಿ, ಒಬ್ಬರು ಪಂಪು ಎಳೆಯುತ್ತಾ ಇನ್ನೊಬ್ಬರು ಕ್ರ್ಯಾಂಕನ್ನು ನಿಧಾನ ತಿರುಗಿಸಿದರೆ ಹದಿನೈದು ನಿಮಿಷದಲ್ಲಿ ರಾಕರಿನ ಮೇಲೆ ಎಣ್ಣೆ ಕಾಣುತ್ತದೆ.

ಎಂಜಿನ್ ಇಳಿಸಿ ಶಾಫ್ಟಿಗೆ ಕೂಡಿಸುವಾಗ ಬೋಟು ನೀರಿನಲ್ಲೇ ಇರಬೇಕು. ದಡದ ಮೇಲೆ ಮಾಡಿದ ಅಲೈನ್‌ಮೆಂಟ್ ನೀರಿಗೆ ಬಿಟ್ಟ ದಿನವೇ ಕೆಡುತ್ತದೆ, ಮರದ ಬೋಟು ಬಾಗುತ್ತದೆ. ದಡದಿಂದ ಇಳಿಸಿದ್ದಾದರೆ ಎರಡು ದಿನ ಬಿಟ್ಟು, ಡೀಸೆಲ್, ಬಲೆ ಎಲ್ಲ ಜಾಗದಲ್ಲಿರುವಾಗ ಮಾಡಿ. ಕಪ್ಲಿಂಗಿನ ನಾಲ್ಕು ಕಡೆ ಫೀಲರ್ ಹಾಕಿ; ಕಪ್ಲಿಂಗಿನ ಅಗಲ ಇಂಚಿಗೆ 1 ತೌ ಮಿತಿ. ನನ್ನದು ಎಂಟು ಇಂಚು, 5 ತೌಗೆ ತಂದೆ. ಅದೊಂದಕ್ಕೇ ಒಂದೂವರೆ ದಿನ ಹೋಯಿತು. 20 ಗಂಟೆ ಓಡಿದ ಮೇಲೆ ಮತ್ತೆ ನೋಡಿದಾಗ 7 ಆಗಿತ್ತು, ಸರಿಮಾಡಿದೆ.

ಮೊದಲ ಓಟದಲ್ಲಿ ಗಂಟೆಗಟ್ಟಲೆ ಐಡಲ್ ಬಿಡುವವರಿದ್ದಾರೆ. ಅದು ಲೈನರಿಗೆ ಗಾಜಿನ ಹೊಳಪು ತರುತ್ತದೆ, ಪಿಸ್ಟನ್ ರಿಂಗು ಕೂರುವುದೇ ಇಲ್ಲ. ಹತ್ತು ನಿಮಿಷ ಬಿಸಿ ಮಾಡಿ, ಧಕ್ಕೆಗೆ ಗಟ್ಟಿಯಾಗಿ ಕಟ್ಟಿದ ಬೋಟಿನಲ್ಲಿ ಗೇರ್ ಹಾಕಿ 1,200 ಆರ್‌ಪಿಎಂನಲ್ಲಿ ಓಡಿಸಿ. ಎಂಜಿನ್ನಿನ ಗಾಳಿಕಿಂಡಿಯಾದ ಬ್ರೀದರಿಗೆ ಯು ಆಕಾರದ ಪಾರದರ್ಶಕ ಪೈಪಿನಲ್ಲಿ ನೀರು ಹಾಕಿ ಬ್ಯಾಕ್ ಕಂಪ್ರೆಷನ್ (ರಿಂಗು ದಾಟಿ ಕೆಳಗೆ ಸೋರುವ ಗಾಳಿಯ ಒತ್ತಡ) ಅಳೆದೆ. ಬಿಚ್ಚುವ ಮೊದಲು ಒಂಬತ್ತು ಇಂಚಿನ ಹತ್ತಿರ ಇತ್ತು, 50 ಗಂಟೆಗೆ ಎರಡೂವರೆ. ಎರಡೂ ಸಲ ಬ್ರೀದರಿನ ಬಾಯಿಗೆ ಅದೇ ಅಳತೆಯ ತೂತು, ಅದೇ ಆರ್‌ಪಿಎಂ ಇದ್ದರೆ ಮಾತ್ರ ಈ ಹೋಲಿಕೆಗೆ ಅರ್ಥ.

ಹೀಟ್ ಎಕ್ಸ್‌ಚೇಂಜರಿನ ಟ್ಯೂಬುಗಳಿಗೆ ಒಂದು ಪ್ರಯೋಗ ಮಾಡಿದೆ. ಹಿತ್ತಾಳೆ ಪಾತ್ರೆ ಬೆಳಗುವ ಹುಳಿ ಇಲ್ಲೂ ನಡೆಯಬಹುದು ಅಂತ ಉಪ್ಪಾಗೆ ಸಿಪ್ಪೆ ಕುದಿಸಿದ ನೀರಿನಲ್ಲಿ ಮೂರು ದಿನ ನೆನೆಹಾಕಿದೆ. ಹೊರಗಿನ ಹಸಿರು ಹೋಯಿತು, ಒಳಗಿನ ಸುಣ್ಣದ ಗಡಸು ಪದರ ಕದಲಲಿಲ್ಲ. ಕೊನೆಗೆ ಸಲ್ಫಾಮಿಕ್ ಆಸಿಡ್, ಹತ್ತು ಲೀಟರ್ ನೀರಿಗೆ ಒಂದು ಕಿಲೊ, ಎರಡು ಗಂಟೆ. ಆಮೇಲೆ ಸೋಡಾ ನೀರು, ಸಿಹಿನೀರು. ಉಪ್ಪುನೀರಿನ ತುಕ್ಕನ್ನು ತನ್ನ ಮೇಲೆ ಎಳೆದುಕೊಳ್ಳುವ ಜಿಂಕ್ ಪೆನ್ಸಿಲ್ ಅರ್ಧ ಸವೆದಿದ್ದರೆ ಬದಲಿಸಿ. ಒಳನೀರಿಗೆ ಮನೆ ಬಾವಿ ನೀರು ಹಾಕುವುದನ್ನು ನಿಲ್ಲಿಸಿದೆ. ಮೀಟರ್ ಹಾಕಿದರೆ ಅದರಲ್ಲಿ ಟಿಡಿಎಸ್ (ಕರಗಿದ ಲವಣ) 400ರ ಮೇಲೆ, ಛಾವಣಿ ಚೆನ್ನಾಗಿ ತೊಳೆದುಹೋದ ಮೇಲೆ ಹಿಡಿದ ಮಳೆನೀರಿನಲ್ಲಿ 20ರ ಹತ್ತಿರ. ಈಗ ಮಳೆನೀರು ಅರ್ಧ, ಕೂಲೆಂಟ್ ಅರ್ಧ. ಬರೀ ನೀರು ಹಾಕಿ ಓಡಿಸಿದ ಲೈನರುಗಳ ಹೊರಮೈಯಲ್ಲಿ ಸೂಜಿ ಚುಚ್ಚಿದಂಥ ಗುಂಡಿಗಳಿದ್ದವು. ಲೈನರ್ ನಡುಗಿ ನೀರಿನಲ್ಲಿ ಗುಳ್ಳೆ ಎದ್ದು ಒಡೆದು ಆಗುವ ಗಾಯ ಅದು. ಕೂಲೆಂಟಿನ ಮದ್ದು ಆ ಮೈಗೆ ಪದರ ಕಟ್ಟುತ್ತದೆ.

ದುಡ್ಡು: ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೇರಿ ಎರಡು ಲಕ್ಷ ಚಿಲ್ಲರೆ. ಟೂಲ್ 38 ಸಾವಿರ, ಚಾನಲ್-ಪೈಪು-ಸ್ಟ್ಯಾಂಡ್ 17, ಕೂಲಿ 40ರ ಸುಮಾರು. ಇದೇ ಕೆಲಸಕ್ಕೆ ಡೆಕ್ ಕೊಯ್ದು ಮತ್ತೆ ಕಟ್ಟುವುದು, ಕ್ರೇನ್, ಲಾರಿ, ವರ್ಕ್‌ಶಾಪ್ ಕೂಲಿ ಅಂತ ನನಗೆ ಕೊಟ್ಟ ಲೆಕ್ಕ ಬಿಡಿಭಾಗ ಬಿಟ್ಟು ಎರಡೂಕಾಲು ಲಕ್ಷ. ಟೂಲು, ಸ್ಟ್ಯಾಂಡು ನನ್ನಲ್ಲೇ ಉಳಿದಿವೆ. ದಿನ 26 ಹಿಡಿಯಿತು. ಎರಡನೇ ಸಲ ಮಾಡಿದರೆ 18 ಸಾಕು.

5ರ ಕೆಳಗೆ ಅಷ್ಟು ದಪ್ಪದ ಶಿಮ್ ನಿಲ್ಲುವುದಿಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಈ ಜೂನಿನಲ್ಲಿ 5-6ರ ಹೆಡ್ ಮಾತ್ರ ಎತ್ತಿ, ಅದೇ ಪಟ್ಟಿಯಿಂದ ಬಿಗಿದು ಮತ್ತೆ ಅಳೆಯುತ್ತೇನೆ. 4 ತೌಗಿಂತ ಕೆಳಗೆ ಇಳಿದಿದ್ದರೆ ಅದನ್ನೂ ಬರೆಯುತ್ತೇನೆ.