ಪದ್ಮಿನಿಯ ಬಾಗಿಲಿಗೆ ಸ್ಕ್ರೂ ಹುಡುಕಿದ ಕಥೆ

ಅಪ್ಪನ 1984ರ ಪ್ರೀಮಿಯರ್ ಪದ್ಮಿನಿ ಕಾರಿನ ಬಾಗಿಲಿನ ಒಳಪ್ಯಾನೆಲ್ ಬಿಚ್ಚಿದಾಗ ಕೈಗೆ ಬಂದದ್ದು ಅದನ್ನು ಹಿಡಿದಿಡುವ ಕ್ಲಿಪ್ ಅಲ್ಲ, ಕಂದು ಪುಡಿ. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಮಗ್ಗುಲಲ್ಲೇ. ಇಲ್ಲಿಯ ಉಪ್ಪುಗಾಳಿಗೆ ಗೇಟಿನ ಚಿಲಕವೇ ಉಳಿಯುವುದಿಲ್ಲ, ತಂತಿಯಷ್ಟು ದಪ್ಪದ ಸ್ಪ್ರಿಂಗ್ ಕ್ಲಿಪ್ ಎಲ್ಲಿ ಉಳಿಯಬೇಕು?

ಮೊದಲ ಸಲ ನಾನು ಮಾಡಿದ್ದು ಶುದ್ಧ ಪೆದ್ದು ಕೆಲಸ. ಕ್ಲಿಪ್ ಬದಲು ಮನೆಯಲ್ಲಿದ್ದ ಒಂದಿಂಚಿನ ಸ್ಕ್ರೂಗಳನ್ನೇ ತಿರುಗಿಸಿ ಕೂರಿಸಿಬಿಟ್ಟೆ. ಪ್ಯಾನೆಲ್ ಗಟ್ಟಿಯಾಗಿ ಕೂತಿತು, ಖುಷಿಯಾಯಿತು. ಗಾಜು ಇಳಿಸಿದೆ, ಕರ್ ಅಂತ ಸದ್ದು. ಏರಿಸಿ ನೋಡಿದರೆ ಗಾಜಿನ ಮೇಲೆ ಗೇಣುದ್ದದ ಗೀರು. ಅದು ಈಗಲೂ ಇದೆ. ಗಾಜು ಇಳಿದು ಕೂರುವುದು ಸ್ಕ್ರೂ ತೂರಿದ ಆ ಒಳತಗಡಿನ ಹಿಂದೆಯೇ ಅನ್ನುವುದು ತಲೆಗೇ ಹೊಳೆದಿರಲಿಲ್ಲ. ಈಗ ಗಾಜನ್ನು ಪೂರ್ತಿ ಇಳಿಸಿ, ತೂತಿನೊಳಗೆ ಕಡ್ಡಿ ತೂರಿಸಿ ಎಷ್ಟು ಜಾಗ ಇದೆ ಅಂತ ನೋಡುತ್ತೇನೆ. 3 ಮಿ.ಮೀ. ಹಾರ್ಡ್‌ಬೋರ್ಡ್, ರೆಕ್ಸಿನ್, ಕಪ್ ವಾಷರ್ (ಸ್ಕ್ರೂ ತಲೆಯಡಿ ಕೂರುವ ಬಟ್ಟಲಿನಂಥ ಬಿಲ್ಲೆ) ಎಲ್ಲ ಸೇರಿದರೂ ಅರ್ಧ ಇಂಚಿನ ಸ್ಕ್ರೂ ಸಾಕು.

ಎರಡನೇ ಸಲ 'ಎಸ್‌ಎಸ್', ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಅಂತ ಕೇಳಿ ತಂದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತಲೆಗಳು ಕೆಂಪಾದವು. ಬೈತಖೋಲದಲ್ಲಿ ದೋಣಿ ಕಟ್ಟುವ ಒಬ್ಬ ಹಿರಿಯರು ಅದನ್ನು ನೋಡಿ ನಕ್ಕರು. "ತಮಾ, ಮ್ಯಾಗ್ನೆಟ್ ಇಟ್ಟು ನೋಡಿದ್ಯಾ?" ಇಟ್ಟೆ, ಟಪ್ ಅಂತ ಅಂಟಿತು. ಅದು 410 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಗಟ್ಟಿ ಹೌದು, ಆದರೆ ಸಮುದ್ರದ ಹತ್ತಿರ ಬಾಳುವುದಿಲ್ಲ. 304 ದರ್ಜೆಯದು ಕೂಡ ಒಮ್ಮೊಮ್ಮೆ ಸ್ವಲ್ಪ ಸೆಳೆಯುತ್ತದೆ, ಹೀಗೆ ಗಬಕ್ಕನೆ ಹಿಡಿಯುವುದಿಲ್ಲ. 316ರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ ಅನ್ನುವ ಲೋಹ ಇರುವುದರಿಂದ ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಕಾರಿನ ಒಳಗಡೆಗೆ ಅಷ್ಟು ದುಡ್ಡು ಜಾಸ್ತಿ ಆಯಿತು ಅಂತ ನನ್ನ ಲೆಕ್ಕ. ಪ್ಯಾನೆಲ್ಲಿಗೆ 304 ಸಾಕು.

ಸ್ಕ್ರೂಗೆ ತುಕ್ಕು ಹಿಡಿದರೆ ಬದಲಿಸಬಹುದು, ಬಾಗಿಲಿನ ತೂತಿನ ಅಂಚಿಗೆ ಹಿಡಿದರೆ ಏನು ಮಾಡೋಣ, ಅಲ್ವಾ? ಸ್ಕ್ರೂ ಕೊರೆದಲ್ಲಿ ಬಣ್ಣ ಕಿತ್ತು ಬರಿ ತಗಡು ಕಾಣುತ್ತದೆ. ಉಪ್ಪುನೀರಿನಲ್ಲಿ ಸ್ಟೇನ್‌ಲೆಸ್ ಪಕ್ಕ ಇದ್ದರೆ ಮೊದಲು ಸವೆಯುವುದು ಆ ತಗಡೇ. ಅದಕ್ಕೆ ತೂತಿನ ಅಂಚಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು, ಒಣಗಿದ ಮೇಲೆ ನಂಬರ್ ಪ್ಲೇಟಿಗೆ ಹಾಕುವಂಥ ನೈಲಾನ್ ಬುಷ್ ಕೂರಿಸಿದೆ. ಸ್ಕ್ರೂ ಕಚ್ಚುವುದು ನೈಲಾನನ್ನು, ತಗಡಿಗೆ ತಾಗುವುದೇ ಇಲ್ಲ.

ಆದರೆ ಎಲ್ಲ ಕಡೆ ಸ್ಕ್ರೂ ಹಾಕಿದರೆ ಬಾಗಿಲು ಟಪಾಲು ಪೆಟ್ಟಿಗೆ ಥರ ಕಾಣುತ್ತದೆ. ಆರ್ಮ್‌ರೆಸ್ಟ್ ಹತ್ತಿರ ಮತ್ತು ಕೆಳ ಅಂಚಿಗೆ ಮಾತ್ರ ಸ್ಕ್ರೂ, ಕಪ್ ವಾಷರ್. ಉಳಿದ ಮೂರು ಬದಿಗೆ ಕ್ಲಿಪ್. ತೂತಿನ ಅಳತೆಗೆ ಡ್ರಿಲ್ ಬಿಟ್‌ಗಳನ್ನೇ ಒಂದೊಂದಾಗಿ ತೂರಿಸಿದೆ: 7 ಮಿ.ಮೀ. ಹೋಯಿತು, 7.5 ಹೋಗಲಿಲ್ಲ. ಬಿಗಿ ಕ್ಲಿಪ್ ಒಳ್ಳೆಯದು ಅಂದುಕೊಳ್ಳಬೇಡಿ ಮಾರಾಯ್ರೆ. ಮಳೆಗಾಲದಲ್ಲಿ ಉಬ್ಬಿದ ಹಾರ್ಡ್‌ಬೋರ್ಡ್ ಎಳೆದಾಗ ಕ್ಲಿಪ್ ಅಲ್ಲೇ ಉಳಿದು, ಬೋರ್ಡಿನ ಚೂರು ಕಿತ್ತು ಬರುತ್ತದೆ. ನಾನೀಗ ಬಿದಿರಿನ ದಬ್ಬೆಯನ್ನು ಕ್ಲಿಪ್ಪಿನ ಬುಡಕ್ಕೇ ಕೊಟ್ಟು ಮೀಟುತ್ತೇನೆ. ಬೋರ್ಡಿನ ಹಿಂಬದಿಗೂ ಅಂಚಿಗೂ ಎರಡು ಕೋಟ್ ವಾರ್ನಿಷ್ ಆಗಿದೆ, ಹಿಂದೆ ಪ್ಲಾಸ್ಟಿಕ್ ಹಾಳೆ ಇದೆ. ಬಾಗಿಲಿನ ತಳದ ನೀರಿಳಿಯುವ ತೂತುಗಳನ್ನು ತಂತಿ ಹಾಕಿ ಬಿಡಿಸಿದಾಗ ಒಂದು ಮುಷ್ಟಿ ಕೆಸರು ಬಿತ್ತು.

ಹಿಂದಿನ ಎಡ ಬಾಗಿಲನ್ನು ಇನ್ನೂ ಮುಟ್ಟಿಲ್ಲ. ಅಲ್ಲಿ ಹಳೆಯ ಕ್ಲಿಪ್ ಎರಡೋ ಮೂರೋ ಹಿಡಿದುಕೊಂಡಿವೆ. ದೀಪಾವಳಿ ಹೊತ್ತಿಗೆ ಗಾಳಿ ಒಣಗಲಿ, ಆಮೇಲೆ ಬಿಚ್ಚುತ್ತೇನೆ.